ಸಹಾಯ ಬೇಕು: ಕಿವಿ ಕೇಳದ ಗೆಳೆಯರೊಂದಿಗೆ ದುರ್ಗದ ಚಾರಣ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಅವನೂ ಅವನಂಥ ಗೆಳೆಯರೂ ಸೇರಿ 14 ಜನ ಬರುವ ಭಾನುವಾರ ದಾವಣಗೆರೆಯಿಂದ ಹೊರಟು, ಚಿತ್ರದುರ್ಗದ ಏಳು ಸುತ್ತಿನ ಕೋಟೆ ಹತ್ತಿ, ಆಮೇಲೆ ಚಂದ್ರವಳ್ಳಿಗೆ ಹೋಗುವುದೆಂದು ಗೊತ್ತುಮಾಡಿದ್ದೇವೆ. ಬಸ್ಸು, ನೀರು, ಬುತ್ತಿ ಎಲ್ಲ ಸರಿಹೋಗಿದೆ. ಮಂಡಕ್ಕಿ, ಮೆಣಸಿನಕಾಯಿ ಇಲ್ಲದೆ ಹೊರಡುವುದಿಲ್ಲವೆಂದು ಅವರು ಸನ್ನೆಯಲ್ಲೇ ಷರತ್ತನ್ನೂ ಹಾಕಿಯಾಗಿದೆ.

ತೊಡಕು ಬೇರೆಯೇ ಇದೆ. ಕಳೆದ ವಾರ ಐವರನ್ನು ಕರೆದೊಯ್ದು ನೋಡಿದೆ. ಬಂಡೆಗಳ ನಡುವಿನ ಕಿರುದಾರಿಯಲ್ಲಿ ಎಲ್ಲರ ಕಣ್ಣೂ ಕಾಲ ಬುಡದಲ್ಲಿರುತ್ತದೆ. ಮುಂದಿನವರ ಕೈ ನೋಡುವವರು ಯಾರು? ಒಬ್ಬ ಹುಡುಗ ಚಪ್ಪಲಿಯ ಬಾರು ಕಿತ್ತುಹೋಗಿ ಕುಳಿತುಬಿಟ್ಟ. ನಮಗೆ ತಿಳಿದದ್ದು ನೂರು ಹೆಜ್ಜೆ ದಾಟಿದ ಮೇಲೆ. ಕೆಂಪು ಬಾವುಟ ಬೀಸಿದೆ, ತಿರುಗಿ ನೋಡಿದವರಿಗಷ್ಟೇ ಕಂಡಿತು. ಮೊಬೈಲನ್ನು ಕಂಪನಕ್ಕೆ ಇಟ್ಟೆವು, ನಡೆಯುವಾಗ ಜೇಬಿನೊಳಗೆ ಅದು ತಿಳಿಯಲೇ ಇಲ್ಲ. ಬೆನ್ನು ತಟ್ಟಿ ಸುದ್ದಿ ದಾಟಿಸುವುದು ಐವರಿಗೆ ಸಾಕಾಯಿತು. ಹದಿನಾಲ್ವರಿಗೆ?

ಇನ್ನು ಚಂದ್ರವಳ್ಳಿ. ಮಯೂರಶರ್ಮನ ಶಾಸನದ ವಿಷಯವನ್ನು ಹೊರಗೆ ಬೆಳಕಿನಲ್ಲಿ ವಿವರಿಸಬಹುದು. ಅಂಕಲಿ ಮಠದ ಗುಹೆಯೊಳಗೆ ಮಾತ್ರ ಗವ್ವೆನ್ನುವ ಕತ್ತಲೆ. ಟಾರ್ಚಿನ ಬೆಳಕನ್ನು ಸನ್ನೆ ಮಾಡುವವರ ಕೈ ಮೇಲೆ ಬಿಟ್ಟರೆ ಮುಖ ಕಾಣದು, ಸನ್ನೆಗೆ ಮುಖವೂ ಬೇಕು. ಮುಖಕ್ಕೆ ಬಿಟ್ಟರೆ ಕಣ್ಣು ಕುಕ್ಕುತ್ತದೆ.

ಇಂಥ ತಂಡವನ್ನು ಕರೆದೊಯ್ದವರು ದಯವಿಟ್ಟು ತಿಳಿಸಿ: ಇಡೀ ಸಾಲನ್ನು ಒಮ್ಮೆಲೇ ನಿಲ್ಲಿಸಲು ಏನು ಮಾಡಿದಿರಿ? ಗುಹೆಯೊಳಗೆ ಬೆಳಕನ್ನು ಎಲ್ಲಿ, ಹೇಗೆ ಇಡಬೇಕು? ಭಾರತೀಯ ಸನ್ನೆ ಭಾಷೆ ಬಲ್ಲ ದುಭಾಷಿಗಳು ದಾವಣಗೆರೆಯಲ್ಲೋ ದುರ್ಗದಲ್ಲೋ ಭಾನುವಾರ ಸಿಗುತ್ತಾರೆಯೇ?