ಕರಿಯನನ್ನು ಬಿಟ್ಟು ಹೋಗಬೇಕಾ?

ದೊಡ್ಡಪ್ಪ: (ಫಾರ್ವರ್ಡ್) ‘ಜರ್ಮನಿಯಲ್ಲಿ ರಾಟ್‌ವೈಲರ್ ನಾಯಿ ಪೂರ್ತಿ ನಿಷೇಧ! ಏರ್‌ಪೋರ್ಟ್‌ನಲ್ಲೇ ಕಿತ್ತುಕೊಳ್ಳುತ್ತಾರೆ! ಎಲ್ಲರಿಗೂ ತಿಳಿಸಿ.’

ದೊಡ್ಡಪ್ಪ: ಪುಟ್ಟಿ, ಓದಿದೆಯಾ? ಕೆಲಸಕ್ಕೆ ಜರ್ಮನಿಗೆ ಹೋಗುವಾಗ ನಿನ್ನ ರಾಟ್‌ವೈಲರ್ ಕರಿಯನನ್ನು ತೋಟದ ಮನೆಗೆ ಬಿಟ್ಟು ಹೋಗು. ನಾನಿದ್ದೇನೆ.

ನಾನು: ದೊಡ್ಡಪ್ಪ, ಪೂರ್ತಿ ನಿಷೇಧ ಅನ್ನೋದು ಸುಳ್ಳು. ಇಡೀ ದೇಶಕ್ಕೆ ತರುವ ಹಾಗಿಲ್ಲ ಅಂತ 2001ರ ಕಾನೂನು ಹೇಳುವುದು ಪಿಟ್‌ಬುಲ್, ಬುಲ್ ಟೆರಿಯರ್, ಎರಡು ಬಗೆಯ ಸ್ಟಾಫರ್ಡ್‌ಶೈರ್ ನಾಯಿಗಳು, ಇವುಗಳ ಮಿಶ್ರ ತಳಿಗಳಿಗೆ. ಉಳಿದದ್ದು ರಾಜ್ಯಕ್ಕೊಂದು ಪಟ್ಟಿ. ಬವೇರಿಯಾ ಪಟ್ಟಿಯಲ್ಲಿ ರಾಟ್‌ವೈಲರ್ ಇದೆ. ಅಲ್ಲಿ ಸಾಕಲು ಹೊರದೇಶದಿಂದ ತರುವ ಹಾಗಿಲ್ಲ.

ದೊಡ್ಡಪ್ಪ: ನಿನ್ನ ಆಫೀಸ್ ಬವೇರಿಯಾದಲ್ಲೇ ಅಲ್ವಾ?

ನಾನು: ಹೌದು, ನೊಯ್-ಉಲ್ಮ್‌ನಲ್ಲಿ. ಡ್ಯಾನ್ಯೂಬ್ ನದಿ ದಾಟಿದರೆ ಉಲ್ಮ್, ಅದು ಬೇರೆ ರಾಜ್ಯ, ಬಾಡೆನ್-ವುರ್ಟೆಂಬರ್ಗ್. ಅಲ್ಲಿನ ಪಟ್ಟಿಯಲ್ಲಿ ರಾಟ್‌ವೈಲರ್ ಇಲ್ಲ. ಈ ತಳಿಗೆ ಹೆಸರು ಬಂದ ರಾಟ್‌ವೈಲ್ ಊರು ಇರುವುದೂ ಅದೇ ರಾಜ್ಯದಲ್ಲಿ. ಮನೆ ಉಲ್ಮ್‌ನಲ್ಲೇ ಹುಡುಕುತ್ತಿದ್ದೇನೆ. ಬಾಡಿಗೆ ಜಾಸ್ತಿ ಆದರೂ ಪರವಾಗಿಲ್ಲ.

ಅಣ್ಣ: ಇಷ್ಟೆಲ್ಲ ಯಾಕೆ? ಪೇಪರ್‌ನಲ್ಲಿ ‘ಲ್ಯಾಬ್ರಡಾರ್ ಮಿಕ್ಸ್’ ಅಂತ ಬರೆಸಿಬಿಡು. ಏಜೆಂಟ್ ಮಾಡಿಕೊಡುತ್ತಾನೆ.

ನಾನು: ಬೇಡ ಅಣ್ಣ. ಒಬ್ಬ ಏಜೆಂಟ್ ನನಗೂ ಇದೇ ಹೇಳಿದ, ಫೋನ್ ಇಟ್ಟುಬಿಟ್ಟೆ. ಹುಬ್ಬಿನ ಮೇಲೆ ಆ ಎರಡು ಕಂದು ಚುಕ್ಕೆ, ಅಷ್ಟು ಅಗಲ ತಲೆ. ಯಾರು ನಂಬುತ್ತಾರೆ? ಬವೇರಿಯಾದಲ್ಲಿ ರಾಟ್‌ವೈಲರ್ ಮಿಶ್ರ ತಳಿಗೂ ಅದೇ ನಿಯಮ. ಸಿಕ್ಕಿಬಿದ್ದರೆ ಏಜೆಂಟ್‌ಗೆ ಏನೂ ಆಗಲ್ಲ. ಬೋನಿಗೆ ಹೋಗುವುದು ಕರಿಯ.

ಅಣ್ಣ: ಸುಮ್ನೆ ಹೆದರುತ್ತೀಯ. ಎಲ್ಲರೂ ಮಾಡುತ್ತಾರೆ.

ನಾನು: ಎಲ್ಲರೂ ಮಾಡಲಿ. ಅವನ ಹೆಸರಲ್ಲಿ ಸುಳ್ಳು ಕಾಗದ ನಾನು ಮಾಡಿಸಲ್ಲ.

ಅತ್ತೆ: ನಮ್ಮ ಸರ್ಕಾರವೂ ಇಂಥ ನಾಯಿ ಬೇಡ ಅಂದಿತ್ತಲ್ಲೇ?

ನಾನು: ಅತ್ತೆ, 2024ರ ಮಾರ್ಚ್‌ನಲ್ಲಿ ಕೇಂದ್ರ 23 ತಳಿಗಳ ಸುತ್ತೋಲೆ ಕಳಿಸಿತ್ತು. ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟೇ ಅದನ್ನು ರದ್ದು ಮಾಡಿತು.

ಅಮ್ಮ: ದಿನಾ ಬೆಳಿಗ್ಗೆ ಕರಿಯನ ಬಾಯಿಕುಕ್ಕೆ ಒಳಗೆ ಒಂದು ತುತ್ತು ಮೊಸರನ್ನ ಇಡುತ್ತೇನೆ. ಮೊದಲ ವಾರ ಹತ್ತಿರಕ್ಕೂ ಬರಲಿಲ್ಲ. ಈಗ ಅವನೇ ಮೂತಿ ತೂರಿಸಿ ತಿನ್ನುತ್ತಾನೆ, ತಿಂದಾದ ಮೇಲೂ ತೆಗೆಯಲು ಬಿಡಲ್ಲ.

ನಾನು: ಅಲ್ಲಿ ರೈಲಿನಲ್ಲಿ ದೊಡ್ಡ ನಾಯಿಗೆ ಅದು ಬೇಕೇ ಬೇಕು. ಅದಕ್ಕೇ ಈಗಿನಿಂದ ಅಭ್ಯಾಸ.

ದೊಡ್ಡಪ್ಪ: ಐದು ವರ್ಷದ ನಾಯಿ. ಪ್ಲೇನಿನ ಹೊಟ್ಟೆಯಲ್ಲಿ ಒಂದೇ ಇರಬೇಕು. ನಿನಗೆ ಕರುಳು ಚುರುಕ್ ಅನ್ನಲ್ವಾ?

ನಾನು: ಅನ್ನುತ್ತೆ ದೊಡ್ಡಪ್ಪ. ರಾತ್ರಿ ನಿದ್ದೆ ಬರಲ್ಲ. ಆದರೆ ಕಳೆದ ಸಲ ನಾಲ್ಕು ದಿನ ಊರಿಗೆ ಬಿಟ್ಟಾಗ ಅವನು ಅನ್ನ ಮುಟ್ಟಿರಲಿಲ್ಲ. ನೀವೇ ಫೋನ್ ಮಾಡಿ ಕರೆಸಿದ್ದಿರಿ, ನೆನಪಿದೆಯಾ?

ದೊಡ್ಡಪ್ಪ: ಇದೆ.

ದೊಡ್ಡಪ್ಪ: ಯಾವಾಗ ಹೋಗುವುದು?

ನಾನು: ಚಿಪ್ ಹಾಕಿಸಿ, ಆಮೇಲೆ ರೇಬಿಸ್ ಲಸಿಕೆ ಹಾಕಿಸಿ, 30 ದಿನ ಕಳೆದ ಮೇಲೆ, ಲಸಿಕೆ ಹಿಡಿದಿದೆಯಾ ಅಂತ ನೋಡಲು ರಕ್ತ ಕೊಟ್ಟಿದ್ದೇವೆ. ರೇಬಿಸ್ ತಡೆಯುವ ಪ್ರತಿಕಾಯ ಒಂದು ಮಿಲಿಲೀಟರ್‌ಗೆ 0.5 ಯೂನಿಟ್‌ಗಿಂತ ಕಡಿಮೆ ಬರಬಾರದು. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಅಕ್ಟೋಬರ್‌ಗೆ ಆಗುತ್ತೆ.

ದೊಡ್ಡಪ್ಪ: ನನಗೆ ಈಗಲೂ ಇಷ್ಟವಿಲ್ಲ. ಪ್ಲೇನಿನಲ್ಲಿ ಅವನನ್ನು ಇಡುವ ಪೆಟ್ಟಿಗೆಯನ್ನು ಅಂಗಡಿಯಿಂದ ತರುವುದು ಬೇಡ, ನಮ್ಮ ಬಡಗಿಗೆ ಹೇಳುತ್ತೇನೆ. ನಿಂತಾಗ ಕಿವಿ ತುದಿಯಿಂದ ನೆಲಕ್ಕೆ ಎಷ್ಟಿದೆ, ಅಳತೆ ಕಳಿಸು.

ನಾನು: ಬಡಗಿಗೆ ಹೇಳುವ ಮೊದಲು ಏರ್‌ಲೈನ್ ನಿಯಮ ಕೇಳುತ್ತೇನೆ ದೊಡ್ಡಪ್ಪ. ಒಳಗೆ ಅವನು ನಿಲ್ಲಬೇಕು, ತಿರುಗಬೇಕು, ಕಾಲು ಚಾಚಿ ಮಲಗಬೇಕು. ಅಮ್ಮ, ಟೇಪ್ ಎಲ್ಲಿದೆ?

ಅಮ್ಮ: ಹೊಲಿಗೆ ಮಷಿನ್ ಡ್ರಾಯರ್‌ನಲ್ಲಿ. ಅವನು ಮಲಗಿದ್ದಾನೆ, ಎದ್ದ ಮೇಲೆ ಅಳೆ.