12.5 ಇಂಚಿನ ಬ್ಲಾಕ್ 12.25 ಬಂದಿದೆ, ಹೀಗೇ ಕಳಿಸಬಹುದಾ?

ಪ್ರಶ್ನೆ:
ಹಲವರು ಕಳಿಸುವ ಬ್ಲಾಕ್‌ಗಳನ್ನು (ಬಟ್ಟೆ ಚೂರು ಜೋಡಿಸಿ ಹೊಲಿದ ಚೌಕ ತುಂಡು) ಕೂಡಿಸಿ ಇನ್ನೊಬ್ಬರು ಮಾಡುವ ಕ್ವಿಲ್ಟ್‌ಗೆ (ಕೌದಿಗೆ) ಒಂಬತ್ತು ಚೌಕದ ಬ್ಲಾಕ್ ಹೊಲಿದಿದ್ದೇನೆ. ಚೌಕಗಳನ್ನು 4.5 ಇಂಚಿಗೆ ಸರಿಯಾಗಿಯೇ ಕತ್ತರಿಸಿದ್ದು. ಹೊಲಿದ ಮೇಲೆ 12.5 ಇರಬೇಕಾದ್ದು 12.25 ಇದೆ. ಆವಿ ಕೊಟ್ಟು ಇಸ್ತ್ರಿಯಲ್ಲಿ ಎಳೆದರೆ ಸರಿಹೋಗುತ್ತಾ? ಅಂಚೆಗೆ ಹಾಕುವಾಗ ಮಡಚಬಹುದಾ? ನಡುವಿನ ಚೌಕ ಕಡುಗೆಂಪು, ಉಳಿದದ್ದು ತಿಳಿಬಣ್ಣ.

ಉತ್ತರ 1:
ಎಳೆಯಲೇಬೇಡಿ. ಎಳೆದ ಬಟ್ಟೆ ತೊಳೆದಾಗ ಮತ್ತೆ ಕುಗ್ಗುತ್ತೆ, ಪಕ್ಕದ ಬ್ಲಾಕನ್ನೂ ಸುಕ್ಕಾಗಿಸುತ್ತೆ.

ಲೆಕ್ಕ ನೋಡಿ. ಒಂದು ಸಾಲಲ್ಲಿ ಎರಡು ಹೊಲಿಗೆ, ಪ್ರತಿ ಹೊಲಿಗೆಯೂ ಎರಡು ಚೌಕದಿಂದ ಬಟ್ಟೆ ತಿನ್ನುತ್ತೆ. ಅಂಚಿನಿಂದ ಕಾಲು ಇಂಚು ಬಿಟ್ಟು ಹೊಲಿಯಬೇಕು; ಅದಕ್ಕಿಂತ 1/16 ಇಂಚು ಒಳಗೆ ಹೊಲಿದರೆ ಹೊಲಿಗೆಗೆ 1/8 ಹೋಯ್ತು, ಸಾಲಿಗೆ ಕಾಲು ಇಂಚು. ನಿಮ್ಮಲ್ಲಿ ಕಮ್ಮಿಯಾಗಿರುವುದೂ ಅಷ್ಟೇ. ಹೊಲಿಗೆಯ ಹತ್ತಿರ ಬಟ್ಟೆ ಮಡಚಿಕೊಳ್ಳುವಲ್ಲೂ ಸ್ವಲ್ಪ ಹೋಗುವುದರಿಂದ, ಕಾಲು ಇಂಚಿಗೆ ಒಂದೆರಡು ನೂಲಿನೆಳೆಯಷ್ಟು ಕಮ್ಮಿ ಹಿಡಿದೇ ಹೊಲಿಯಬೇಕು.

ಮೊದಲು 1.5 ಇಂಚಿನ ಮೂರು ಪಟ್ಟಿ ಜೋಡಿಸಿ ನೋಡಿ. ನಡುವಿನ ಪಟ್ಟಿ ಸರಿಯಾಗಿ 1 ಇಂಚು ಕಾಣಬೇಕು. ಕಮ್ಮಿ ಬಂದರೆ ಹೊಲಿಗೆ ಯಂತ್ರದ ಸೂಜಿಯನ್ನು ಒಂದು ಹಂತ ಬಲಕ್ಕೆ ಸರಿಸಿ. ಆಮೇಲೆ ಬ್ಲಾಕ್ ಬಿಚ್ಚಿ. ಮರಳಿ ಹೊಲಿದಾಗ ಹಳೆ ಸೂಜಿತೂತುಗಳ ಸಾಲು ಬ್ಲಾಕಿನ ಮುಂಬದಿಯಲ್ಲಿ ಕಾಣುತ್ತೆ, ಗಾಬರಿ ಬೇಡ. ನೀರು ಚಿಮುಕಿಸಿ ಉಗುರಿನಿಂದ ತೀಡಿ, ಇಸ್ತ್ರಿಯನ್ನು ಉಜ್ಜದೆ ಒತ್ತಿ ಎತ್ತಿ. ಬಹುಪಾಲು ಮುಚ್ಚಿಕೊಳ್ಳುತ್ತೆ.

ಉತ್ತರ 2:
ಹೇಗೂ ಬಿಚ್ಚುತ್ತೀರಲ್ಲ, ಕೆಂಪು ಚೌಕವನ್ನು ಆಗಲೇ ಪರೀಕ್ಷಿಸಿ. ಮೇಲೆ ಒದ್ದೆ ಬಿಳಿ ಬಟ್ಟೆಯಿಟ್ಟು ಬಿಸಿ ಇಸ್ತ್ರಿ ಒತ್ತಿ. ಬಿಳಿಗೆ ಚೂರು ಗುಲಾಬಿ ಹತ್ತಿದರೂ ಆ ಚೌಕ ಬದಲಿಸಿ. ಕ್ವಿಲ್ಟ್ ಮುಗಿದು ಮೊದಲ ಸಲ ತೊಳೆದಾಗ ಕೆಂಪು ಬಣ್ಣ ಬಿಟ್ಟು ಉಳಿದವರ ಬ್ಲಾಕೂ ಹಾಳಾಗುತ್ತೆ, ಆ ಕಲೆ ಬಿಡಿಸುವುದು ಬಹಳ ಕಷ್ಟ.

ಉತ್ತರ 3:
ಮಡಚದೆ ಕಳಿಸುವುದೇ ಒಳ್ಳೆಯದು. 13 ಇಂಚಿನ ಎರಡು ರಟ್ಟು, ನಡುವೆ ಜಿಪ್ ಕವರಿನಲ್ಲಿ ಬ್ಲಾಕ್. ಅಂಟುಪಟ್ಟಿ ರಟ್ಟಿಗೆ ಮಾತ್ರ, ಬಟ್ಟೆಗೆ ತಾಗಬಾರದು. ಅಷ್ಟು ದೊಡ್ಡ ಲಕೋಟೆ ಸಿಗದಿದ್ದರೆ ಒಂದೇ ಮಡಿಕೆ, ಅದರೊಳಗೆ ತೆಳು ಕಾಗದದ ಸುರುಳಿಯಿಟ್ಟರೆ ಗೆರೆ ಬೀಳಲ್ಲ. ಗುಂಡುಸೂಜಿ ಒಂದೂ ಉಳಿದಿರಬಾರದು. ಬಗ್ಗದ ಲಕೋಟೆಗೆ ಪತ್ರದ ದರ ಅನ್ವಯಿಸದೆಯೂ ಇರಬಹುದು, ತೂಗಿಸಿಯೇ ಅಂಚೆಚೀಟಿ ಹಚ್ಚಿ.

ಪ್ರಶ್ನೆ ಕೇಳಿದವರು:
ಪಟ್ಟಿ ಹೊಲಿದು ನೋಡಿದೆ, ನಡುವಿನದು 7/8 ಇಂಚು ಬಂತು! ಬಿಚ್ಚುತ್ತೇನೆ. ಬ್ಲಾಕ್ ಮೇಲೆ ಹೆಸರು ಬರೆಯಬೇಕಾ?

ಉತ್ತರ 3:
ಕ್ವಿಲ್ಟ್ ಮಾಡುವವರು ಕೇಳಿದ್ದರೆ ಮಾತ್ರ. ಬಟ್ಟೆಗೆಂದೇ ಬರುವ ಅಳಿಯದ ಶಾಯಿಯ ಪೆನ್ನಲ್ಲಿ, ಅಂಚಿನಿಂದ 1 ಇಂಚು ಒಳಗೆ. ಕೇಳಿಲ್ಲದಿದ್ದರೆ ಹೆಸರು, ವಿಳಾಸದ ಚೀಟಿಯನ್ನು ಕವರಿನೊಳಗೆ ಬಿಡಿಯಾಗಿ ಹಾಕಿ.