ಅಂಬಾಸಿಡರ್ ಎಂಜಿನ್ ಕಾದ ಮೇಲೆ ಬಡಿತ, ಆಯಿಲ್ ಲೈಟ್ ಮಿಣುಕುತ್ತದೆ: ಬೇರಿಂಗ್ ಹೋಗಿದೆಯಾ?

ಕ್ಯಾತ್ಸಂದ್ರ_1489:
ಎಲ್ಲರಿಗೂ ನಮಸ್ಕಾರ. ನಮ್ಮದು ಅಪ್ಪನ ಕಾಲದ ಅಂಬಾಸಿಡರ್, 1489 ಸಿಸಿ ಪೆಟ್ರೋಲ್. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಯಾವ ತೊಂದರೆಯೂ ಇಲ್ಲ. ಬಿ.ಎಚ್. ರಸ್ತೆಯಲ್ಲಿ ಒಂದು ಸುತ್ತು ಹೋಗಿ ಎಂಜಿನ್ ಕಾದ ಮೇಲೆ, ಸಿಗ್ನಲ್‌ನಲ್ಲಿ ನಿಂತರೆ ಆಯಿಲ್ ಲೈಟ್ ಮಿಣುಕುತ್ತದೆ. ದೇವರಾಯನದುರ್ಗದ ಏರಿನಲ್ಲಿ ಕೆಳಗಡೆಯಿಂದ ಟಕ್ ಟಕ್ ಅಂತ ಬಡಿತ. ಆಕ್ಸಿಲರೇಟರ್‌ನಿಂದ ಕಾಲು ತೆಗೆದ ತಕ್ಷಣ ಅದು ಇನ್ನೂ ಚೆನ್ನಾಗಿ ಕೇಳುತ್ತದೆ. ಹಿಂದೊಮ್ಮೆ ಒಂದು ಗ್ಯಾರೇಜಿನಲ್ಲಿ ಬೇರಿಂಗ್ ಬದಲಾಯಿಸಿದ್ದರು. ಈಗ ಒಬ್ಬರು ಟ್ಯಾಪೆಟ್ (ವಾಲ್ವ್ ತೆರೆಯುವ ಭಾಗ) ಸದ್ದು ಅಂತಾರೆ, ಇನ್ನೊಬ್ಬರು ದಪ್ಪ ಆಯಿಲ್ ಹಾಕಿ ಓಡಿಸಿ ಅಂತಾರೆ. ಎಂಜಿನ್ ಇಳಿಸಲೇಬೇಕಾ?

ಚಿಂತಾಮಣಿ_ಫಿಯಟ್:
ಲೈಟ್ ನಂಬಿ ಎಂಜಿನ್ ಬಿಚ್ಚಬೇಡಿ ಸರ್. ಅದನ್ನು ಹೊತ್ತಿಸುವ ಆಯಿಲ್ ಪ್ರೆಶರ್ ಸ್ವಿಚ್ ಕೆಟ್ಟಿದ್ದರೂ ಮಿಣುಕುತ್ತದೆ. ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಪ್ರೆಶರ್ ಗೇಜ್ ಹಾಕಿಸಿ. ಎಂಜಿನ್ ಪೂರ್ತಿ ಕಾದ ಮೇಲೆ ಐಡಲ್‌ನಲ್ಲಿ ಎಷ್ಟು, ರೇಸ್ ಕೊಟ್ಟಾಗ ಎಷ್ಟು, ಎರಡನ್ನೂ ಬರೆದುಕೊಳ್ಳಿ.

ಶಿರಾಗೇಟ್_ಲೇತ್:
ಮೇಲಿನವರು ಹೇಳಿದ್ದು ಸರಿ, ಮೊದಲು ಗೇಜ್. ದಪ್ಪ ಆಯಿಲ್ ಮಾತ್ರ ದಯವಿಟ್ಟು ಹಾಕಬೇಡಿ. ಲೈಟ್ ಆರಬಹುದು, ಸವೆತ ನಿಲ್ಲುವುದಿಲ್ಲ. ರೋಗ ಒಳಗೇ ಉಳಿಯುತ್ತದೆ.

ಕ್ರ್ಯಾಂಕ್ ಅಂದರೆ ಪಿಸ್ಟನ್‌ಗಳು ತಿರುಗಿಸುವ ದಪ್ಪ ಶಾಫ್ಟ್. ಅದನ್ನು ಸುತ್ತುವರಿದ ತೆಳು ಲೋಹದ ಪಟ್ಟಿಗಳೇ ಬೇರಿಂಗ್, ಒಂದೊಂದೂ ಎರಡು ಅರ್ಧ. ಇವೆರಡರ ನಡುವೆ ಇರುವ ಸಂದು ಕೂದಲೆಳೆಯಷ್ಟು. ಆ ಸಂದು ಎರಡರಷ್ಟಾದರೆ ಎಣ್ಣೆ ಎರಡರಷ್ಟಲ್ಲ, ಸುಮಾರು ಎಂಟರಷ್ಟು ಸೋರುತ್ತದೆ. ತಣ್ಣಗಿದ್ದಾಗ ಎಣ್ಣೆ ಗಟ್ಟಿ, ಹಾಗಾಗಿ ಗೊತ್ತಾಗುವುದಿಲ್ಲ. ಕಾದು ನೀರಾದ ಮೇಲೆ ಪಂಪ್ ಎಷ್ಟು ತಳ್ಳಿದರೂ ಸಾಲುವುದಿಲ್ಲ. ನಿಮ್ಮ ಲೈಟ್ ಬೆಳಿಗ್ಗೆ ಸುಮ್ಮನಿದ್ದು ಸಿಗ್ನಲ್‌ನಲ್ಲಿ ಮಿಣುಕುವುದು ಇದಕ್ಕೇ ಇರಬಹುದು. ಪಂಪ್ ಸವೆದಿದ್ದರೂ, ಹೆಚ್ಚಾದ ಪ್ರೆಶರ್ ಹೊರಬಿಡುವ ರಿಲೀಫ್ ವಾಲ್ವ್ ತೆರೆದೇ ಸಿಕ್ಕಿಕೊಂಡಿದ್ದರೂ ಪ್ರೆಶರ್ ಬೀಳುತ್ತದೆ. ಆದರೆ ಅವುಗಳಿಂದ ನೇರವಾಗಿ ಬಡಿತ ಬರುವುದಿಲ್ಲ.

ಸದ್ದನ್ನು ಗಮನವಿಟ್ಟು ಕೇಳಿ. ಟ್ಯಾಪೆಟ್ ಸದ್ದು ಮೇಲುಗಡೆ, ಎಂಜಿನ್ ಎರಡು ಸುತ್ತು ತಿರುಗಿದರೆ ಒಂದು ಸಲ. ಪಿಸ್ಟನ್ ಬಡಿತ ತಣ್ಣಗಿದ್ದಾಗ ಜಾಸ್ತಿ, ಕಾದ ಮೇಲೆ ಕಡಿಮೆ. ಕ್ರ್ಯಾಂಕನ್ನು ಎಂಜಿನ್ ಬ್ಲಾಕ್‌ನಲ್ಲಿ ಹಿಡಿದಿಡುವ ಮೇನ್ ಬೇರಿಂಗ್ ಹೋದರೆ ಲೋಡ್ ಬಿದ್ದಾಗ ಧಡ್ ಧಡ್ ಅಂತ ಭಾರವಾಗಿ ಬರುತ್ತದೆ, ಕಾಲಿಗೆ ತಾಗಿದ ಹಾಗೆ. ಪಿಸ್ಟನ್ನನ್ನು ಕ್ರ್ಯಾಂಕ್‌ಗೆ ಜೋಡಿಸುವ ಕಾನ್‌ರಾಡ್‌ನ ಬೇರಿಂಗ್‌ದು ಚುರುಕು ಸದ್ದು, ಕಾಲು ತೆಗೆದಾಗ ಎದ್ದು ಕೇಳುತ್ತದೆ. ನೀವು ಬರೆದ ಲಕ್ಷಣ ಇದಕ್ಕೇ ಹತ್ತಿರ.

ಒಂದು ಪರೀಕ್ಷೆ ಮಾಡಿ. ಎಂಜಿನ್ ನಿಲ್ಲಿಸಿ, ಒಂದು ಪ್ಲಗ್ ವೈರ್ ತೆಗೆದು ಎಂಜಿನ್ನಿನ ಲೋಹಕ್ಕೆ ತಾಗಿಸಿ ಅರ್ಥ್ ಮಾಡಿ. ಹಾಗೇ ಬಿಟ್ಟರೆ ಕಾಯಿಲ್‌ಗೆ ಪೆಟ್ಟು. ಮತ್ತೆ ಸ್ಟಾರ್ಟ್ ಮಾಡಿ ಸ್ವಲ್ಪ ರೇಸ್ ಇಟ್ಟು ಕೇಳಿ. ಹೀಗೆ ನಾಲ್ಕಕ್ಕೂ ಮಾಡಿ. ಯಾವ ಸಿಲಿಂಡರ್ ಸುಮ್ಮನಾದಾಗ ಬಡಿತ ತಗ್ಗುತ್ತದೋ ಅದರ ಕಾನ್‌ರಾಡ್ ಮೇಲೆ ಅನುಮಾನ. ಅಲ್ಲಿವರೆಗೆ ದುರ್ಗದ ಏರು ಬೇಡ.

ಕ್ಯಾತ್ಸಂದ್ರ_1489:
ಮೂರನೇ ವೈರ್ ತೆಗೆದಾಗ ಬಡಿತ ಮುಕ್ಕಾಲು ಪಾಲು ಹೋಯಿತು. ಗೇಜ್ ಕಾದ ಐಡಲ್‌ನಲ್ಲಿ 5 ಪಿಎಸ್‌ಐ ದಾಟಲಿಲ್ಲ. ಎಂಜಿನ್ ಇಳಿಸಿಬಿಟ್ಟೆ.

ಮೂರನೇ ರಾಡ್‌ನ ಬೇರಿಂಗ್‌ನ ಮೇಲಿನ ಅರ್ಧದಲ್ಲಿ ಬೂದು ಬಣ್ಣವೇ ಇಲ್ಲ, ಪೂರ್ತಿ ತಾಮ್ರ ಕಾಣುತ್ತಿದೆ. ಎರಡನೆಯದರಲ್ಲಿ ಮೇಲಿನ ಅರ್ಧ ಮುಂದಿನ ಅಂಚಿನಲ್ಲಿ ಸವೆದಿದೆ, ಕೆಳಗಿನ ಅರ್ಧ ಹಿಂದಿನ ಅಂಚಿನಲ್ಲಿ. ಎಲ್ಲದರ ಬೆನ್ನ ಮೇಲೂ 020 ಅಂತ ಇದೆ. ಮೂರನೇ ಪಿನ್‌ಗೆ (ರಾಡ್ ಕೂರುವ ಕ್ರ್ಯಾಂಕ್‌ನ ಭಾಗ) ಮೈಕ್ರೋಮೀಟರ್ ಇಟ್ಟರೆ ಒಂದು ದಿಕ್ಕಿಗೆ 47.14 ಮಿ.ಮೀ., ಅಡ್ಡಕ್ಕೆ 47.09. ಅದೇ ಸೈಜಿನ ಹೊಸ ಬೇರಿಂಗ್ ತಂದು ಹಾಕಿದರೆ ಸಾಕಲ್ವಾ?

ಶಿರಾಗೇಟ್_ಲೇತ್:
ಸಾಕಾಗುವುದಿಲ್ಲ. ನೀವು ಎರಡು ದಿಕ್ಕಿಗೆ ಅಳೆದದ್ದು ತುಂಬಾ ಒಳ್ಳೆಯದಾಯಿತು. ಒಂದೇ ದಿಕ್ಕಿಗೆ ಅಳೆದಿದ್ದರೆ 47.14 ಸಿಕ್ಕಿ, ಪಿನ್ ಸರಿಯಾಗಿದೆ ಅಂದುಕೊಳ್ಳುತ್ತಿದ್ದಿರಿ.

ಈ ಎಂಜಿನ್ನಿನ ಪಿನ್ ಸ್ಟ್ಯಾಂಡರ್ಡ್‌ನಲ್ಲಿ ಸುಮಾರು 47.65 ಮಿ.ಮೀ. 020 ಅಂದರೆ ಇಂಚಿನ ಸಾವಿರದಲ್ಲಿ ಇಪ್ಪತ್ತು ಭಾಗ ಕಡಿಮೆ, ಹತ್ತಿರ ಹತ್ತಿರ ಅರ್ಧ ಮಿಲಿಮೀಟರ್. 47.14 ಆ ಲೆಕ್ಕಕ್ಕೆ ಹೊಂದುತ್ತದೆ. ಆದರೆ ಅಡ್ಡಕ್ಕೆ 0.05 ಕಡಿಮೆ ಇದೆ. ಪಿನ್ ಮೊಟ್ಟೆಯಾಗಿದೆ. 0.025 ದಾಟಿದರೆ ಗ್ರೈಂಡಿಂಗ್‌ಗೆ ಕೊಡಲೇಬೇಕು. ಮೊಟ್ಟೆಯಾದ ಪಿನ್ ಮೇಲೆ ಎಂಥ ಹೊಸ ಬೇರಿಂಗ್ ಹಾಕಿದರೂ ಒಂದು ಕಡೆ ಸಂದು ಜಾಸ್ತಿಯೇ ಇರುತ್ತದೆ, ಎಣ್ಣೆಯ ಪದರ ನಿಲ್ಲುವುದಿಲ್ಲ, ಬಡಿತ ಮತ್ತೆ ಶುರುವಾಗುತ್ತದೆ. ಹಿಂದಿನ ಸಲ ಅಳೆಯದೇ ಬೇರಿಂಗ್ ಮಾತ್ರ ಹಾಕಿರುವ ಸಾಧ್ಯತೆ ಇದೆ.

ಹಳೇ ಬೇರಿಂಗ್ ಎಸೆಯಬೇಡಿ. ಪ್ರತಿಯೊಂದರ ಬೆನ್ನಿಗೂ ರಾಡ್ ನಂಬರ್, ಮೇಲೆ-ಕೆಳಗೆ ಬರೆದು ಪೇಪರ್ ಮೇಲೆ ಸಾಲಾಗಿ ಜೋಡಿಸಿ. ಆ ಬೂದು ಪದರ ಸೀಸ-ತವರದ್ದು, 0.025 ಮಿ.ಮೀ.ಗಿಂತ ತೆಳು. ಅದು ಹೋದ ಮೇಲೆ ಕೆಳಗಿನ ತಾಮ್ರ-ಸೀಸ ಕಾಣುತ್ತದೆ. ಕಾನ್‌ರಾಡ್‌ನಲ್ಲಿ ಮೇಲಿನ ಅರ್ಧ ಮೊದಲು ಸವೆಯುವುದು ಸಹಜ, ಫೈರಿಂಗ್ ಭಾರ ಬೀಳುವುದೇ ಅಲ್ಲಿ. ಮೇನ್‌ನಲ್ಲಿ ಕೆಳಗಿನ ಅರ್ಧ. ಹಾಗಾಗಿ ಮೂರನೆಯದು ಬರೀ ಸವೆತ.

ನನಗೆ ಚಿಂತೆ ಎರಡನೆಯದರದ್ದು. ಮೇಲೆ ಒಂದು ಅಂಚು, ಕೆಳಗೆ ಅದರ ಎದುರು ಅಂಚು ಸವೆದಿದ್ದರೆ ರಾಡ್ ಬಾಗಿದೆ ಅಂತ ಅರ್ಥ. ಬಡಿತ ಬಾರದಿದ್ದರೂ ಅದು ಬೇರಿಂಗ್ ತಿನ್ನುತ್ತಲೇ ಇರುತ್ತದೆ. ನಾಲ್ಕೂ ರಾಡನ್ನು ಅಲೈನ್‌ಮೆಂಟ್ ಜಿಗ್‌ನಲ್ಲಿ ನೋಡಿಸಿ. ಬೇರಿಂಗ್‌ಗಳ ಬೆನ್ನನ್ನೂ ತಿರುಗಿಸಿ ನೋಡಿ. ಒಂದೇ ಕಡೆ ಹೊಳೆಯುವ ಚುಕ್ಕೆ ಇದ್ದರೆ ಕೂರಿಸುವಾಗ ಕಸ ಸಿಕ್ಕಿಕೊಂಡಿತ್ತು. ಬೆನ್ನೆಲ್ಲಾ ಉಜ್ಜಿ ಹೊಳೆದು ಬೇರಿಂಗ್ ಜಾರದಂತೆ ಹಿಡಿಯುವ ನಾಲಿಗೆ ಮುರಿದಿದ್ದರೆ ಬೇರಿಂಗ್ ರಾಡ್ ಒಳಗೇ ತಿರುಗಿದೆ. ಆಗ ರಾಡ್‌ನ ರಂಧ್ರವನ್ನೂ ಅಳೆಯಬೇಕು.

ಚಿಂತಾಮಣಿ_ಫಿಯಟ್:
ನಮ್ಮ ಕಡೆ ಕೆಲವರು ಬೇರಿಂಗ್ ಹಿಂದೆ ಪೇಪರ್ ಶಿಮ್ ಕೊಟ್ಟು ಬಿಗಿ ಮಾಡುತ್ತಾರೆ. ಅದು ನಡೆಯುತ್ತದಾ?

ಶಿರಾಗೇಟ್_ಲೇತ್:
ಖಂಡಿತ ಬೇಡ. ಬೇರಿಂಗ್‌ನ ಶಾಖ ಬೆನ್ನ ಮೂಲಕ ರಾಡ್‌ಗೆ ಹೋಗಬೇಕು, ಪೇಪರ್ ಅದನ್ನು ತಡೆಯುತ್ತದೆ. ರಾಡ್‌ನ ಕ್ಯಾಪ್ (ಕೆಳಗಿನ ಬಿಚ್ಚುವ ಭಾಗ) ಅರದಿಂದ ಉಜ್ಜುವುದೂ, ಪಿನ್ನಿಗೆ ಕೈಯಲ್ಲಿ ಎಮೆರಿ ಹಾಕಿ ಗುಂಡು ಮಾಡಲು ಹೋಗುವುದೂ ಬೇಡ.

ನಾಲ್ಕೂ ಪಿನ್ 030ಕ್ಕೆ ಗ್ರೈಂಡ್ ಮಾಡಿಸಿ, ಒಂದಕ್ಕೊಂದು ಬೇರೆ ಸೈಜ್ ಬೇಡ. ಮೇನ್ ಬೇರಿಂಗ್ ಕೂರುವ ಕ್ರ್ಯಾಂಕ್‌ನ ಮೂರು ಜರ್ನಲ್ ಬೇರೆಯಾಗಿ ಅಳೆಯಿರಿ, ಸರಿಯಿದ್ದರೆ ಮುಟ್ಟಬೇಡಿ. ಕ್ರ್ಯಾಂಕ್ ಕೊಡುವಾಗ ಮೂರು ಮಾತು ಹೇಳಿ: ಪಿನ್ನಿನ ಮೂಲೆಯ ದುಂಡು ಉಳಿಯಬೇಕು, ಎಣ್ಣೆ ತೂತಿನ ಅಂಚು ಸ್ವಲ್ಪ ಸವರಬೇಕು, ಗ್ರೈಂಡಿಂಗ್ ಆದ ಮೇಲೆ ಒಳದಾರಿ ಪೂರ್ತಿ ತೊಳೆಯಬೇಕು. ಮೂಲೆ ಚೂಪಾದರೆ ಕ್ರ್ಯಾಂಕ್ ಅಲ್ಲೇ ಬಿರುಕು ಬಿಡುತ್ತದೆ. ಒಳಗೆ ಗ್ರೈಂಡಿಂಗ್ ಪುಡಿ ಉಳಿದರೆ ಸ್ಟಾರ್ಟ್ ಮಾಡಿದ ತಕ್ಷಣ ಹೊಸ ಬೇರಿಂಗ್ ಗೀರುತ್ತದೆ. ತಂದ ಮೇಲೆ ನೀವೇ ಸೀಮೆಎಣ್ಣೆ, ಉದ್ದ ಬ್ರಷ್ ಹಿಡಿದು ಇನ್ನೊಮ್ಮೆ ತೊಳೆಯಿರಿ, ಗಾಳಿ ಹೊಡೆಯಿರಿ.

030 ಸೆಟ್ ತುಮಕೂರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ. ಬೇರಿಂಗ್ ಕೈಗೆ ಬಂದ ಮೇಲೆಯೇ ಕ್ರ್ಯಾಂಕ್ ಗ್ರೈಂಡಿಂಗ್‌ಗೆ ಕೊಡಿ. ಆ ಸೈಜ್ ಸಿಗದೇ ಹೋದರೆ ಉಜ್ಜಿದ ಲೋಹ ವಾಪಸ್ ಬರುವುದಿಲ್ಲ.

ಕ್ಯಾತ್ಸಂದ್ರ_1489:
ಎರಡನೇ ರಾಡ್ ಬಾಗಿದ್ದು ನಿಜ ಸರ್, ಬೇರೆ ರಾಡ್ ಸಿಕ್ಕಿತು. ಗ್ರೈಂಡಿಂಗ್ ಆಗಿದೆ. ಪ್ಲಾಸ್ಟಿಗೇಜ್ (ಸಂದು ಅಳೆಯಲು ಒಳಗಿಟ್ಟು ಚಪ್ಪಟೆ ಮಾಡುವ ಪ್ಲಾಸ್ಟಿಕ್ ಎಳೆ) ಇಟ್ಟು ಬೋಲ್ಟ್‌ಗೆ ಟಾರ್ಕ್ ಕೊಟ್ಟು ನೋಡಿದೆ, ನಾಲ್ಕಕ್ಕೂ 0.04 ಮಿ.ಮೀ. ಹತ್ತಿರ ಬಂತು. ಇನ್ನು ಸ್ಟಾರ್ಟ್ ಮಾಡಬಹುದಾ?

ಶಿರಾಗೇಟ್_ಲೇತ್:
0.04 ಚೆನ್ನಾಗಿದೆ. ಪ್ಲಾಸ್ಟಿಗೇಜ್ ಇಟ್ಟಿದ್ದಾಗ ಕ್ರ್ಯಾಂಕ್ ತಿರುಗಿಸಿಲ್ಲ ಅಲ್ವಾ? ತಿರುಗಿಸಿದ್ದರೆ ಇನ್ನೊಮ್ಮೆ ಇಟ್ಟು ನೋಡಿ. ಮಧ್ಯದ ಮೇನ್‌ನಲ್ಲಿರುವ ಥ್ರಸ್ಟ್ ವಾಷರ್‌ಗಳನ್ನೂ ನೋಡಿ, ಕ್ರ್ಯಾಂಕ್ ಹಿಂದೆ ಮುಂದೆ ಆಡುವುದು 0.05ರಿಂದ 0.08 ಮಿ.ಮೀ. ಒಳಗಿರಲಿ. ಆಯಿಲ್ ಪಂಪ್ ಬಿಚ್ಚಿ ನೋಡದೇ ವಾಪಸ್ ಹಾಕಬೇಡಿ, ಹಳೇ ಬೇರಿಂಗ್‌ನ ಪುಡಿ ಅದರೊಳಗೂ ಹೋಗಿರುತ್ತದೆ.

ಬೇರಿಂಗ್‌ಗೆ ಧಾರಾಳ ಎಣ್ಣೆ ಸವರಿ ಕೂರಿಸಿ. ಎಂಜಿನ್‌ಗೆ 20ಡಬ್ಲ್ಯೂ-50 ಗ್ರೇಡ್ ಆಯಿಲ್ ಸಾಕು. ಪ್ಲಗ್ ನಾಲ್ಕೂ ತೆಗೆದು, ಇಗ್ನಿಷನ್ ಕಾಯಿಲ್‌ನ ವೈರ್ ಬಿಚ್ಚಿ, ಗೇಜ್ ಮುಳ್ಳು ಏಳುವವರೆಗೆ ಸ್ಟಾರ್ಟರ್‌ನಲ್ಲಿ ಬಿಟ್ಟು ಬಿಟ್ಟು ತಿರುಗಿಸಿ. ಆಮೇಲೆ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ. ಕಾದ ಐಡಲ್‌ನಲ್ಲಿ 15 ಪಿಎಸ್‌ಐ ಆಸುಪಾಸು ಇರಬೇಕು, ಓಡುವಾಗ 50ರ ಹತ್ತಿರ. 500 ಕಿ.ಮೀ. ಆದ ಮೇಲೆ ಆಯಿಲ್ ಇಳಿಸಿ, ಫಿಲ್ಟರ್ ಕತ್ತರಿಸಿ ಮಡಿಕೆ ಬಿಡಿಸಿ ನೋಡಿ. ಪುಡಿ ಕಂಡರೆ ಮ್ಯಾಗ್ನೆಟ್ ಹಿಡಿಯಿರಿ. ಅಂಟಿದರೆ ಕಬ್ಬಿಣದ್ದು, ರಿಂಗ್ ಅಥವಾ ಕ್ಯಾಮ್ ಕಡೆ ನೋಡಬೇಕು. ಅಂಟದೇ ಹೊಳೆದರೆ ಬೇರಿಂಗ್‌ದು ಇರಬಹುದು. ಆಗ ಗಾಡಿ ನಿಲ್ಲಿಸಿ, ಪುಡಿಯ ಫೋಟೋ ಇಲ್ಲಿ ಹಾಕಿ.